ಮುಂದಿನ ಚಕ್ರದ ‘ಕಟಕ್’ ಸದ್ದು: ಮೂಲ ಹುಡುಕುವ ಬಗೆ

ನುಣುಪಾದ ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಕಾರು ಹಂಪ್ ಹತ್ತಿದ ಕೂಡಲೇ, ಗುಂಡಿಗೆ ಇಳಿದ ಕೂಡಲೇ ಮುಂದಿನಿಂದ ‘ಕಟಕ್’ ಅನ್ನುತ್ತದೆ. ಗ್ಯಾರೇಜಿಗೆ ಹೋದರೆ ‘ಸಸ್ಪೆನ್ಷನ್ ಹೋಗಿದೆ, ಪೂರ್ತಿ ಕೆಲಸ ಮಾಡಿಸಬೇಕು’ ಎಂಬ ಉತ್ತರ ಸಿಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕಾರು ಬಿಡಿಸಿಕೊಂಡು ಬಂದರೆ ಮರುದಿನ ಅದೇ ಹಂಪಿನ ಮೇಲೆ ಅದೇ ಸದ್ದು. ಕಾರು ಇಟ್ಟುಕೊಂಡವರಲ್ಲಿ ಈ ಪಾಡು ಪಡದವರು ಕಡಿಮೆ.

ಎಡವುವುದು ಒಂದೇ ಕಡೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವ ಮೊದಲೇ ಸ್ಪ್ಯಾನರ್ ಕೈಗೆ ಬಂದಿರುತ್ತದೆ. ಮುಂದಿನ ಸಸ್ಪೆನ್ಷನ್‌ನಲ್ಲಿ ಸದ್ದು ಮಾಡಬಲ್ಲ ಜಾಗಗಳು ಹತ್ತಾರಿವೆ. ಊಹೆಯ ಮೇಲೆ ಒಂದೊಂದನ್ನೇ ಬದಲಿಸುತ್ತ ಹೋದರೆ ಸರಿಯಾದದ್ದು ಕೊನೆಗೆ ಸಿಗಬಹುದು, ಆದರೆ ಅಷ್ಟರಲ್ಲಿ ಇನ್ನೂ ಗಟ್ಟಿಯಾಗಿದ್ದ ನಾಲ್ಕು ಭಾಗಗಳು ಗುಜರಿ ಸೇರಿರುತ್ತವೆ. ಕ್ರಮವಾಗಿ ಹುಡುಕುವುದು ಕಷ್ಟದ ವಿದ್ಯೆಯೇನಲ್ಲ. ಕಾರಿನ ಬಗ್ಗೆ ಹೆಚ್ಚು ತಿಳಿಯದವರೂ, ಈಗಷ್ಟೇ ವರ್ಕ್‌ಶಾಪಿಗೆ ಸೇರಿದವರೂ ಕಲಿಯಬಹುದು. ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತೋಣ.

ಸದ್ದು ಹುಟ್ಟುವುದು ಹೇಗೆ?

ಕಾವು ಸಡಿಲವಾದ ಕೊಡಲಿಯನ್ನು ಸುಮ್ಮನೆ ಹೆಗಲ ಮೇಲೆ ಹೊತ್ತು ನಡೆದರೆ ಅದು ಸದ್ದು ಮಾಡುವುದಿಲ್ಲ. ಎತ್ತಿ ಬೀಸಿದಾಗ, ಅಂದರೆ ಅದರ ಮೇಲಿನ ಬಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿದಾಗ, ‘ಟಕ್’ ಎನ್ನುತ್ತದೆ. ಕಾರಿನ ಕೀಲುಗಳದ್ದೂ ಇದೇ ಕಥೆ. ‘ಕಟಕ್’ ಸದ್ದು ಬರಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ಒಂದು, ಯಾವುದೋ ಕೀಲು ಸವೆದು ಅದರೊಳಗೆ ಸಂದು ಬಿದ್ದಿರಬೇಕು. ಗ್ಯಾರೇಜಿನವರು ಇದನ್ನೇ ‘ಪ್ಲೇ ಬಂದಿದೆ’ ಎನ್ನುವುದು. ಎರಡು, ಆ ಕೀಲಿನ ಮೇಲಿನ ಒತ್ತಡದ ದಿಕ್ಕು ಬದಲಾಗಬೇಕು. ಆಗ ಸಂದಿನ ಒಂದು ಬದಿಯಲ್ಲಿದ್ದ ಲೋಹ ಇನ್ನೊಂದು ಬದಿಗೆ ಹೋಗಿ ಬಡಿಯುತ್ತದೆ.

ಈ ಎರಡನೆಯ ಸಂಗತಿಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಿಂತಿವೆ. ಹಂಪ್ ಹತ್ತಿದಾಗ ಒಂದಷ್ಟು ಕೀಲುಗಳ ಮೇಲಿನ ಒತ್ತಡ ಬದಲಾಗುತ್ತದೆ, ಬ್ರೇಕ್ ಹಾಕಿದಾಗ ಬೇರೆ ಕೆಲವುಗಳದ್ದು, ಸ್ಟೀರಿಂಗ್ ತಿರುಗಿಸಿದಾಗ ಮತ್ತೆ ಬೇರೆಯವುಗಳದ್ದು. ‘ಈಗ ಯಾವ ಕೀಲಿನ ಒತ್ತಡ ತಿರುಗಿತು?’ ಎಂದು ಕೇಳಿಕೊಳ್ಳುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮುಂದಿನ ಚಕ್ರದ ಸುತ್ತ ಏನೇನಿದೆ?

ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳ ಮುಂಭಾಗದಲ್ಲಿ ಬಹುಪಾಲು ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವಿನ್ಯಾಸ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಇದನ್ನು ಫೋರ್ಡ್ ಕಂಪನಿ 1950ರಲ್ಲಿ ಬ್ರಿಟನ್ನಿನ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ತೋರಿಸಿತು. ನಮ್ಮಲ್ಲಿ ಹಿಂದಿನ ಅಂಬಾಸಿಡರ್‌ಗೆ ಮುಂದೆ ತಿರುಚಿಕೊಳ್ಳುವ ಸರಳು, ಅಂದರೆ ಟಾರ್ಷನ್ ಬಾರ್ ಇತ್ತು, ಪ್ರೀಮಿಯರ್ ಪದ್ಮಿನಿಗೆ ಮೇಲೊಂದು ಕೆಳಗೊಂದು ಆರ್ಮ್ ಇದ್ದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಸ್ಟ್ರಟ್ ವಿನ್ಯಾಸವನ್ನು ಮನೆಮನೆಗೆ ತಂದಿತು.

ಇದರ ಭಾಗಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ. ಬಾನೆಟ್ ತೆಗೆದರೆ ಎಡಕ್ಕೊಂದು ಬಲಕ್ಕೊಂದು ಗುಮ್ಮಟದಂಥ ತಗಡಿನ ಜಾಗ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಅಡಿ ಅಡಗಿರುತ್ತದೆ. ಸ್ಟ್ರಟ್‌ನ ತಲೆ ಬಂದು ಕೂರುವುದು ಇಲ್ಲಿ. ತಲೆಗೂ ತಗಡಿಗೂ ನಡುವೆ ದಪ್ಪ ರಬ್ಬರಿನ ಮೌಂಟ್, ಅದರ ಜೊತೆ ಸ್ಟೀರಿಂಗ್ ತಿರುಗಿದಾಗ ಸ್ಟ್ರಟ್ ಸಲೀಸಾಗಿ ಸುತ್ತಲೆಂದು ಒಂದು ಬೇರಿಂಗ್. ಅದರ ಕೆಳಗೆ ಕಾಯಿಲ್ ಸ್ಪ್ರಿಂಗ್, ಸ್ಪ್ರಿಂಗಿನ ನಡುವೆ ಶಾಕ್ ಅಬ್ಸಾರ್ಬರ್. ಈ ಜೋಡಿಯೇ ಸ್ಟ್ರಟ್. ಸ್ಟ್ರಟ್‌ನ ಬುಡ ಚಕ್ರವನ್ನು ಹಿಡಿದ ನಕಲ್‌ಗೆ ಬೋಲ್ಟ್ ಆಗಿರುತ್ತದೆ.

ನಕಲ್‌ನ ಕೆಳತುದಿಯಲ್ಲಿ ಬಾಲ್ ಜಾಯಿಂಟ್. ಅಲ್ಲಿಂದ ಕಾರಿನ ನಡುವಿನ ಕಡೆಗೆ ಚಾಚಿದ ಲೋವರ್ ಆರ್ಮ್. ಆ ಆರ್ಮ್ ಒಳತುದಿಯಲ್ಲಿ ರಬ್ಬರ್ ಬುಷ್‌ಗಳ ಮೂಲಕ ಕಾರಿನ ದೇಹಕ್ಕೆ ಸೇರುತ್ತದೆ. ನಕಲ್‌ನ ಪಕ್ಕಕ್ಕೆ ಸ್ಟೀರಿಂಗಿನಿಂದ ಬಂದ ಟೈ ರಾಡ್, ಅದರ ತುದಿಯಲ್ಲೂ ಒಂದು ಪುಟ್ಟ ಬಾಲ್ ಜಾಯಿಂಟ್. ಎಡ ಚಕ್ರದಿಂದ ಬಲ ಚಕ್ರದವರೆಗೆ ಅಡ್ಡಲಾಗಿ ಬಾಗಿಸಿದ ಉಕ್ಕಿನ ಸರಳು ಸ್ಟೆಬಿಲೈಜರ್ ಬಾರ್. ತಿರುವಿನಲ್ಲಿ ಕಾರು ಒಂದೇ ಕಡೆ ವಾಲದಂತೆ ಹಿಡಿಯುವುದು ಇದರ ಕೆಲಸ. ಅದರ ಎರಡು ತುದಿಗಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್.

ಇಷ್ಟು ಹೆಸರು ಸದ್ಯಕ್ಕೆ ಸಾಕು. ಒಮ್ಮೆ ಟಾರ್ಚ್ ಹಿಡಿದು ನಿಮ್ಮದೇ ಕಾರಿನ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ, ಒಂದೊಂದನ್ನೇ ಗುರುತಿಸಿ.

ಮೊದಲು ಸುಳ್ಳು ಸದ್ದುಗಳನ್ನು ಕಳೆಯಿರಿ

ಕಾರಿನ ದೇಹ ಪೂರ್ತಿ ಬೆಸೆದ ತಗಡು. ಸದ್ದು ಅದರಲ್ಲಿ ಎಲ್ಲೆಂದರಲ್ಲಿಗೆ ಹರಿಯುತ್ತದೆ. ಹಿಂದಿನ ಸದ್ದು ಮುಂದೆ ಕೇಳಿಸಬಹುದು, ಎಡದ್ದು ಬಲಕ್ಕೆ ಕೇಳಿಸಬಹುದು. ಆದ್ದರಿಂದ ಕಿವಿಯನ್ನು ನಂಬುವ ಮೊದಲು ಡಿಕ್ಕಿ ಖಾಲಿ ಮಾಡಿ. ಜಾಕು, ವೀಲ್ ಸ್ಪ್ಯಾನರ್, ಸ್ಟೆಪ್ನಿ ಸರಿಯಾಗಿ ಬಿಗಿದಿವೆಯೇ ನೋಡಿ. ಬಾಗಿಲಿನ ಜೇಬಿನ ಬಾಟಲಿ, ಸೀಟಿನ ಕೆಳಗೆ ಉರುಳುವ ಸಾಮಾನು ತೆಗೆಯಿರಿ. ಬ್ಯಾಟರಿಯ ಕ್ಲಾಂಪ್ ಕೈಯಲ್ಲಿ ಅಲ್ಲಾಡಿಸಿ. ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆ, ಚಕ್ರದ ಒಳಗಿನ ಮಡ್‌ಗಾರ್ಡ್, ನಂಬರ್ ಪ್ಲೇಟ್, ಸೈಲೆನ್ಸರ್ ತೂಗುವ ರಬ್ಬರ್ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ.

ಆಮೇಲೆ ಚಕ್ರದ ನಟ್ಟುಗಳು. ಟೈರ್ ಬದಲಿಸಿದ ಅಥವಾ ಪಂಕ್ಚರ್ ಹಾಕಿಸಿದ ಮೇಲೆ ಸದ್ದು ಶುರುವಾಗಿದ್ದರೆ ಬೇರೆ ಯಾವುದನ್ನೂ ಯೋಚಿಸುವ ಮೊದಲು ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಸಡಿಲ ನಟ್ಟಿನ ಚಕ್ರ ಕಳಚಿಕೊಂಡು ಹೋಗಬಹುದು. ಇತ್ತೀಚೆಗೆ ಬ್ರೇಕ್, ಕ್ಲಚ್, ಸಸ್ಪೆನ್ಷನ್ ಕೆಲಸ ಆಗಿದ್ದರೆ ಆಗ ಬಿಚ್ಚಿದ ಬೋಲ್ಟುಗಳೇ ಮೊದಲ ಅನುಮಾನಕ್ಕೆ ಅರ್ಹ. ಭಾಗ ಹೊಸದು ಎಂಬ ಕಾರಣಕ್ಕೆ ಅದರ ಬೋಲ್ಟ್ ಬಿಗಿಯಾಗಿದೆ ಎಂದು ಭಾವಿಸಬೇಡಿ.

ರಸ್ತೆಯ ಮೇಲೆ ಕೇಳುವ ಪಾಠ

ವಾಹನ ಓಡಾಟ ಕಡಿಮೆ ಇರುವ ರಸ್ತೆ ಆರಿಸಿ. ಕಿಟಕಿ ಇಳಿಸಿ, ಫ್ಯಾನು, ರೇಡಿಯೋ ಆರಿಸಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಗಂಟೆಗೆ 10ರಿಂದ 20 ಕಿ.ಮೀ. ವೇಗ ಸಾಕು. ಗೋಡೆ ಪಕ್ಕದಲ್ಲಿರುವ ರಸ್ತೆಯಾದರೆ ಇನ್ನೂ ಒಳ್ಳೆಯದು, ಆ ಬದಿಯ ಸದ್ದು ಗೋಡೆಗೆ ತಾಕಿ ಸ್ಪಷ್ಟವಾಗಿ ಕೇಳುತ್ತದೆ.

ಮೊದಲ ಪ್ರಶ್ನೆ: ಸದ್ದು ಚಕ್ರದ ಸುತ್ತಿನ ಜೊತೆ ಬರುತ್ತಿದೆಯೇ, ರಸ್ತೆಯ ಏರುಪೇರಿನ ಜೊತೆ ಬರುತ್ತಿದೆಯೇ? ನುಣುಪು ರಸ್ತೆಯಲ್ಲೂ ‘ಟಕ್, ಟಕ್, ಟಕ್’ ಎಂದು ತಾಳ ಹಿಡಿದು, ವೇಗ ಹೆಚ್ಚಿದಂತೆ ತಾಳವೂ ಹೆಚ್ಚಾದರೆ ಅದು ಸುತ್ತುವ ಭಾಗದ್ದು: ಚಕ್ರದ ನಟ್ಟು, ಟೈರು, ಬೇರಿಂಗ್ ಅಥವಾ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಈ ತಾಳ ಕೇಳಿದರೆ ಡ್ರೈವ್ ಶಾಫ್ಟಿನ ಹೊರತುದಿಯ ಕೀಲು, ಅಂದರೆ ಸಿ.ವಿ. ಜಾಯಿಂಟ್, ಸವೆದಿರುವ ಸಂಭವ ಹೆಚ್ಚು. ಏರುಪೇರಿನಲ್ಲಿ ಮಾತ್ರ ಸದ್ದು ಬಂದರೆ ಸಸ್ಪೆನ್ಷನ್ ಕಡೆ ಬನ್ನಿ.

ಎರಡನೆಯ ಪ್ರಶ್ನೆ: ಎರಡೂ ಚಕ್ರ ಒಟ್ಟಿಗೆ ಏರಿದಾಗ ಸದ್ದೇ, ಒಂದೊಂದಾಗಿ ಏರಿದಾಗ ಸದ್ದೇ? ಇದು ಬಹಳ ಫಲ ಕೊಡುವ ಪರೀಕ್ಷೆ. ಇದಕ್ಕೆ ರಸ್ತೆಯ ಪೂರ್ತಿ ಅಗಲಕ್ಕೆ ಹಾಕಿದ ಒಳ್ಳೆಯ ಹಂಪ್ ಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿ.ಮೀ. ವೇಗಕ್ಕೆ ಕಟ್ಟುವ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥದ್ದು ಸಿಕ್ಕರೆ ನಮ್ಮ ಅದೃಷ್ಟ. ಮೊದಲು ಅದನ್ನು ನೇರವಾಗಿ ದಾಟಿ. ಎರಡೂ ಚಕ್ರ ಒಂದೇ ಸಮ ಏರಿ ಇಳಿಯುವಾಗ ಸ್ಟೆಬಿಲೈಜರ್ ಬಾರ್ ತಿರುಚಿಕೊಳ್ಳುವುದಿಲ್ಲ, ತನ್ನ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ. ಲಿಂಕ್ ರಾಡ್ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಆಮೇಲೆ ಅದೇ ಹಂಪನ್ನು ಓರೆಯಾಗಿ, ಒಂದು ಚಕ್ರ ಮೊದಲು ಇನ್ನೊಂದು ಆಮೇಲೆ ಏರುವಂತೆ ದಾಟಿ. ಈಗ ಬಾರ್ ತಿರುಚುತ್ತದೆ, ಲಿಂಕ್ ರಾಡ್‌ಗಳ ಮೇಲಿನ ಒತ್ತಡ ಅತ್ತಿತ್ತ ಹೊರಳುತ್ತದೆ. ನೇರ ದಾಟಿದಾಗ ಸುಮ್ಮನಿದ್ದು ಓರೆ ದಾಟಿದಾಗ ‘ಕಟಕ್’ ಎಂದರೆ ಲಿಂಕ್ ರಾಡ್ ಅಥವಾ ಬಾರ್‌ನ ಬುಷ್ ಮೇಲೆ ಅನುಮಾನ ಇಡಿ. ನೇರ ದಾಟಿದಾಗಲೂ ಅಷ್ಟೇ ಜೋರಾಗಿದ್ದರೆ ಸ್ಟ್ರಟ್ ಮೌಂಟ್, ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್‌ಗಳ ಕಡೆ ತಿರುಗಿ.

ಮೂರನೆಯದು ಬ್ರೇಕ್. ಸಣ್ಣ ಕಲ್ಲುಗಳ ರಸ್ತೆಯಲ್ಲಿ ‘ಗಡಗಡ’ ಎನ್ನುವಾಗ ಬ್ರೇಕ್ ಪೆಡಲ್ ಮೇಲೆ ಪಾದ ಹಗುರವಾಗಿ ಇಡಿ. ಪ್ಯಾಡ್ ಡಿಸ್ಕಿಗೆ ತಾಕುವಷ್ಟು ಸಾಕು. ಸದ್ದು ತಟ್ಟನೆ ನಿಂತರೆ ಅದು ಪ್ಯಾಡ್ ಅಥವಾ ಅದನ್ನು ಒತ್ತುವ ಕ್ಯಾಲಿಪರ್‌ನ ಅಲ್ಲಾಟ. ಸಸ್ಪೆನ್ಷನ್ ಬಿಚ್ಚುವ ಅಗತ್ಯವೇ ಇಲ್ಲ. ಇದಕ್ಕೆ ಬದಲಾಗಿ, ಬ್ರೇಕ್ ಒತ್ತಿದ ಗಳಿಗೆಯಲ್ಲಿ ‘ಧಡ್’ ಎಂದು ಒಂದೇ ಸಲ, ರಿವರ್ಸ್ ಹೋಗಿ ಬ್ರೇಕ್ ಹಾಕಿದಾಗ ಮತ್ತೊಂದು ಸಲ ಕೇಳಿದರೆ ಲೋವರ್ ಆರ್ಮ್‌ನ ಹಿಂದಿನ ಬುಷ್ ಹರಿದಿರಬಹುದು. ಬ್ರೇಕ್ ಹಾಕಿದಾಗ ಚಕ್ರವನ್ನು ಹಿಂದಕ್ಕೆ ಎಳೆಯುವ ಬಲವನ್ನು ತಡೆಯಬೇಕಾದದ್ದು ಅದೇ ಬುಷ್. ಕ್ಲಚ್ ಬಿಟ್ಟಾಗ, ಗೇರ್ ಹಾಕಿದಾಗ ಮಾತ್ರ ‘ಧಡ್’ ಎಂದರೆ ಎಂಜಿನ್ ಮೌಂಟ್‌ಗಳನ್ನೂ ಪಟ್ಟಿಗೆ ಸೇರಿಸಿ.

ನಾಲ್ಕನೆಯದು ನಿಮ್ಮ ಅಂಗೈ. ಸದ್ದಿನ ಜೊತೆ ಸ್ಟೀರಿಂಗ್ ಚಕ್ರದಲ್ಲಿ ಸಣ್ಣ ಹೊಡೆತ ಅನುಭವಕ್ಕೆ ಬಂದರೆ ಟೈ ರಾಡ್, ಅದನ್ನು ಎಳೆದು ತಳ್ಳುವ ಸ್ಟೀರಿಂಗ್ ರ‍್ಯಾಕ್ ಕಡೆ ನೋಡಿ. ಪಾದದ ಕೆಳಗಿನ ನೆಲದಲ್ಲಿ ಹೊಡೆತ ಗೊತ್ತಾದರೆ ಲೋವರ್ ಆರ್ಮ್ ಕಡೆ. ಡ್ಯಾಶ್‌ಬೋರ್ಡಿನ ಮೂಲೆಯಿಂದ, ಮೇಲಿನಿಂದ ಬಂದಂತಿದ್ದರೆ ಸ್ಟ್ರಟ್ ಮೌಂಟ್ ಕಡೆ. ಇದು ದಿಕ್ಕು ತೋರಿಸುವ ಸುಳಿವು. ತೀರ್ಪನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆ ಕೊಡೋಣ.

ನಿಂತ ಕಾರಿನಲ್ಲಿ ಮೂರು ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮುಂದಿನ ಒಂದು ಮೂಲೆಯನ್ನು ಇಬ್ಬರು ಸೇರಿ ಬಲವಾಗಿ ಎರಡು ಮೂರು ಸಲ ಒತ್ತಿ ಬಿಡಿ. ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದರೆ ಕಾರು ಮೇಲೆ ಬಂದು ಕೂತುಬಿಡುತ್ತದೆ. ತೊಟ್ಟಿಲಾಡುತ್ತಲೇ ಇದ್ದರೆ ಅದರ ದಮ್ಮು ಹೋಗಿದೆ. ಟಾರ್ಚ್ ಹಾಕಿ ಅದರ ಮೈ ನೋಡಿ. ತೆಳುವಾಗಿ ಎಣ್ಣೆಯ ಪಸೆ ಇದ್ದು ಧೂಳು ಹಿಡಿದಿದ್ದರೆ ಗಾಬರಿ ಬೇಡ. ಎಣ್ಣೆ ಸೋರಿ ಕೆಳಗಿಳಿದು ಒದ್ದೆಯಾಗಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಜೊತೆಗೆ ಸ್ಪ್ರಿಂಗಿನ ಕೆಳಸುತ್ತನ್ನು ತುದಿಯವರೆಗೂ ನೋಡಿ. ಕೆಸರು, ನೀರು ನಿಲ್ಲುವುದರಿಂದ ಅಲ್ಲಿ ತುಕ್ಕು ಹಿಡಿದು ಒಂದು ಸುತ್ತು ಮುರಿದಿರುವುದುಂಟು. ಮುರಿದ ತುದಿ ಹೊಳೆಯುವ ಒರಟು ಲೋಹವಾಗಿ ಕಾಣುತ್ತದೆ.

ಎರಡನೆಯದಕ್ಕೆ ಬಾನೆಟ್ ತೆಗೆಯಿರಿ. ಒಬ್ಬರು ಮೂಲೆ ಒತ್ತುತ್ತಿರಲಿ, ನೀವು ಗುಮ್ಮಟದ ನಡುವೆ ಸ್ಟ್ರಟ್‌ನ ತಲೆಯ ಮೇಲೆ ಬೆರಳಿಡಿ. ರಬ್ಬರ್ ಸ್ವಲ್ಪ ಉಸಿರಾಡಿದಂತೆ ಆಡುವುದು ಸಹಜ. ‘ಟಕ್’ ಎಂದು ಲೋಹ ಬಡಿದ ಏಟು ಬೆರಳಿಗೆ ತಾಕಿದರೆ ಮೌಂಟ್ ಸವೆದಿದೆ ಅಥವಾ ಮೇಲಿನ ನಟ್ಟು ಸಡಿಲವಾಗಿದೆ. ಬಳಿಕ ಎಂಜಿನ್ ಚಾಲೂ ಮಾಡಿಸಿ, ಒಳಗಿದ್ದವರು ಸ್ಟೀರಿಂಗನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಲಿ. ನಿಮ್ಮ ಕೈ, ದುಪಟ್ಟಾ, ತೋಳು ರೇಡಿಯೇಟರ್ ಫ್ಯಾನಿನಿಂದ ದೂರವಿರಲಿ. ಸ್ಪ್ರಿಂಗ್ ಸಲೀಸಾಗಿ ಸುತ್ತದೆ ತಡೆದು ತಡೆದು ‘ಟಂಗ್’ ಎಂದು ಹಾರಿದರೆ ಮೌಂಟಿನ ಬೇರಿಂಗ್ ಕಚ್ಚಿದೆ. ಇಲ್ಲಿ ಒಂದು ಎಚ್ಚರಿಕೆ: ಸ್ಟ್ರಟ್‌ನ ನಡುವಿನ ನಟ್ಟನ್ನು ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ಕೆಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದನ್ನು ಬಿಚ್ಚಿದರೆ ಪ್ರಾಣಕ್ಕೇ ಅಪಾಯ.

ಮೂರನೆಯದು ಟೈ ರಾಡ್ ಪರೀಕ್ಷೆ. ನಾಲ್ಕೂ ಚಕ್ರ ನೆಲದ ಮೇಲೆಯೇ ಇರಲಿ. ಎಂಜಿನ್ ಆರಿಸಿ, ಸ್ಟೀರಿಂಗ್ ಲಾಕ್ ಬಿಡಿಸಿ. ಒಳಗಿದ್ದವರು ಸ್ಟೀರಿಂಗನ್ನು ಒಂದೆರಡು ಅಂಗುಲದಷ್ಟೇ ಎಡ–ಬಲ, ಎಡ–ಬಲ ಎಂದು ಆಡಿಸಲಿ, ಚಕ್ರ ತಿರುಗುವಷ್ಟು ಬೇಡ. ನೀವು ಚಕ್ರದ ಹಿಂದೆ ಕೈ ಹಾಕಿ ಟೈ ರಾಡ್ ತುದಿಯ ಜಾಯಿಂಟನ್ನು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದುಕೊಳ್ಳಿ. ಒಂದು ಬೆರಳು ರಾಡಿನ ಮೇಲೆ, ಇನ್ನೊಂದು ನಕಲ್‌ನ ಮೇಲೆ ಇರಬೇಕು. ಜಾಯಿಂಟ್ ಗಟ್ಟಿಯಿದ್ದರೆ ಎರಡೂ ಒಂದೇ ತುಂಡಿನಂತೆ ಆಡುತ್ತವೆ. ಸವೆದಿದ್ದರೆ ರಾಡ್ ಮೊದಲು ಹೊರಳಿ, ಕ್ಷಣ ಬಿಟ್ಟು ನಕಲ್ ಹಿಂಬಾಲಿಸುತ್ತದೆ. ಆ ನಡುವಿನ ‘ಟಿಕ್’ ಬೆರಳಿಗೆ ನೇರವಾಗಿ ತಿಳಿಯುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಸಂದನ್ನೂ ಬೆರಳು ಪತ್ತೆ ಮಾಡುತ್ತದೆ. ಒಮ್ಮೆ ಆ ‘ಟಿಕ್’ ಅನುಭವಿಸಿದವರು ಮತ್ತೆ ಮರೆಯುವುದಿಲ್ಲ. ಅದಕ್ಕೇ ಹೊಸಬರಿಗೆ ಈ ಪರೀಕ್ಷೆಯನ್ನು ಮೊದಲು ಕಲಿಸಬೇಕು.

ಜಾಕ್ ಹಾಕುವ ಮುನ್ನ

ಇಲ್ಲಿಂದ ಮುಂದಿನ ಕೆಲಸಕ್ಕೆ ಚಕ್ರ ಎತ್ತಬೇಕು. ಮಣ್ಣಿನ ನೆಲ, ಇಳಿಜಾರು ಬೇಡವೇ ಬೇಡ. ಗಟ್ಟಿ ಸಿಮೆಂಟ್ ನೆಲ ಇರಲಿ. ಹಿಂದಿನ ಚಕ್ರಗಳಿಗೆ ಹಿಂದೆ–ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿ. ಕಾರಿನ ಜೊತೆ ಬರುವ ಜಾಕು ಟೈರ್ ಬದಲಿಸಲು ಮಾತ್ರ. ಎತ್ತಿದ ಮೇಲೆ, ಕಾರಿನ ಕೈಪಿಡಿ ತೋರಿಸಿದ ಜಾಗದಲ್ಲಿ ಜಾಕ್ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಭಾರ ಇಳಿಸಿ. ಜಾಕಿನ ಆಸರೆಯ ಮೇಲೆಯೇ ನಿಂತ ಕಾರಿನ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಭಾಗದ ಪರೀಕ್ಷೆಯನ್ನು ಗ್ಯಾರೇಜಿನ ಲಿಫ್ಟ್ ಮೇಲೆ, ನಿಮ್ಮ ಕಣ್ಣೆದುರೇ ಮಾಡಿಸಿ.

ಚಕ್ರ ಎತ್ತಿದ ಮೇಲೆ

ಚಕ್ರವನ್ನು ಗಡಿಯಾರ ಎಂದುಕೊಳ್ಳಿ. 12 ಮತ್ತು 6 ಗಂಟೆಯ ಜಾಗದಲ್ಲಿ ಎರಡು ಕೈ ಇಟ್ಟು ಒಂದನ್ನು ತಳ್ಳಿ ಇನ್ನೊಂದನ್ನು ಎಳೆಯಿರಿ. ಅಲ್ಲಾಡಿದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಯಾವುದೆಂದು ತಿಳಿಯಲು ಒಳಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಚಕ್ರ ಕೂರುವ ಹಬ್ಬು ಮತ್ತು ನಕಲ್ ಒಂದಾಗಿ ಬಿಗಿದುಕೊಳ್ಳುತ್ತವೆ. ಆಗ ಅಲ್ಲಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್‌ನ ಬೋಲ್ಟುಗಳು. ಈಗ 3 ಮತ್ತು 9 ಗಂಟೆಯ ಜಾಗ ಹಿಡಿದು ಹಾಗೆಯೇ ಆಡಿಸಿ. ಇಲ್ಲಿ ಮಾತ್ರ ಅಲ್ಲಾಡಿದರೆ ಟೈ ರಾಡ್‌ನ ಹೊರತುದಿ ಅಥವಾ ರ‍್ಯಾಕಿಗೆ ಸೇರುವ ಅದರ ಒಳತುದಿ.

ಬಾಲ್ ಜಾಯಿಂಟನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ಲೋವರ್ ಆರ್ಮ್ ಮತ್ತು ನಕಲ್ ನಡುವೆ ಲಿವರ್ ಇಟ್ಟು ಹಗುರವಾಗಿ ಮೀಟಿ. ರಬ್ಬರ್ ಬೂಟು ಹರಿಯದಂತೆ ನೋಡಿಕೊಳ್ಳಿ. ಮೇಲೆ–ಕೆಳಗೆ ‘ಲಟಕ್’ ಎಂದು ಆಡಿದರೆ ಅದರ ಆಯುಸ್ಸು ಮುಗಿದಿದೆ. ಲೋವರ್ ಆರ್ಮ್ ಬುಷ್‌ಗಳನ್ನು ಮೀಟುವಾಗ ಹೊಸಬರು ಎಡವುತ್ತಾರೆ. ರಬ್ಬರ್ ಆದ್ದರಿಂದ ಹೊಸ ಬುಷ್ ಕೂಡ ಸ್ವಲ್ಪ ಬಾಗುತ್ತದೆ. ಬಾಗಿದ್ದನ್ನು ಕಂಡು ಹೋಗಿದೆ ಎಂದು ತೀರ್ಮಾನಿಸಬೇಡಿ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದೆಯೇ, ಆಳವಾಗಿ ಸೀಳಿದೆಯೇ, ಮೀಟಿದಾಗ ಲೋಹಕ್ಕೆ ಲೋಹ ತಾಕುತ್ತಿದೆಯೇ ನೋಡಿ. ಎಡ–ಬಲ ಎರಡನ್ನೂ ಒಂದೇ ಬಲದಲ್ಲಿ ಮೀಟಿ ಹೋಲಿಸಿ. ಸದ್ದಿಲ್ಲದ ಬದಿಯೇ ನಿಮಗೆ ಅಳತೆಗೋಲು.

ಲಿಂಕ್ ರಾಡ್ ಮೋಸ

ಸಣ್ಣ ಏರುಪೇರಿನಲ್ಲಿ ಬರುವ ‘ಟಕಟಕ’ ಸದ್ದಿಗೆ ಬಹಳ ಸಲ ಕಾರಣ ಈ ಪುಟ್ಟ ಕಡ್ಡಿ. ಅದರ ಎರಡು ತುದಿಗೂ ಒಂದು ಪುಟ್ಟ ಉಕ್ಕಿನ ಗುಂಡು, ಅದನ್ನು ಹಿಡಿದ ಪ್ಲಾಸ್ಟಿಕ್ ಬಟ್ಟಲು, ಒಳಗೆ ಗ್ರೀಸ್, ಮೇಲೆ ರಬ್ಬರ್ ಬೂಟು. ಬೂಟು ಒಂದು ಕಡೆ ಸೀಳಿದರೆ ಮಳೆಗಾಲದಲ್ಲಿ ಕೆಸರು ನೀರು ಒಳಗಿಳಿಯುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಮರಳು ಗುಂಡನ್ನು ಅರೆಯುತ್ತದೆ, ಗುಂಡು ತುಕ್ಕು ಹಿಡಿದು ಬಟ್ಟಲನ್ನು ತಿನ್ನುತ್ತದೆ. ಕೈಗೆ ಸಿಕ್ಕ ಹಳೆಯ ಲಿಂಕ್ ರಾಡನ್ನು ಅಲ್ಲಾಡಿಸಿ ನೋಡಿ. ಹೊಸದರ ಗುಂಡು ಬಿಗಿಯಾಗಿ ಜಗ್ಗುತ್ತ ತಿರುಗುತ್ತದೆ. ಸವೆದದ್ದು ಗಿಲಕಿಯಂತೆ ಅಲ್ಲಾಡುತ್ತದೆ.

ಇಷ್ಟು ಸುಲಭವಾದದ್ದನ್ನು ಎಷ್ಟೋ ಜನ ಹಿಡಿಯಲಾರದೆ ಹೋಗುವುದಕ್ಕೆ ಕಾರಣವಿದೆ. ಒಂದೇ ಬದಿಯ ಚಕ್ರ ಎತ್ತಿದರೆ ಆ ಚಕ್ರ ಕೆಳಗೆ ಜೋತುಬೀಳುತ್ತದೆ, ಇನ್ನೊಂದು ನೆಲದ ಮೇಲೆಯೇ ಇರುತ್ತದೆ. ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಸಂದು ಒಂದೇ ಬದಿಗೆ ಒತ್ತಿಹೋಗಿರುವುದರಿಂದ ಕೈಯಿಂದ ಎಷ್ಟು ಅಲ್ಲಾಡಿಸಿದರೂ ಅದು ಗಟ್ಟಿಯಾಗಿಯೇ ಕಾಣುತ್ತದೆ. ‘ಲಿಂಕ್ ಸರಿಯಾಗಿದೆ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಲಿಂಕ್ ರಾಡ್ ಪರೀಕ್ಷಿಸುವಾಗ ಎರಡೂ ಮುಂದಿನ ಚಕ್ರ ಸಮ ಎತ್ತರದಲ್ಲಿರಬೇಕು. ಒಂದೋ ಎರಡೂ ನೆಲದ ಮೇಲೆ, ಇಲ್ಲವೇ ಎರಡೂ ಸ್ಟ್ಯಾಂಡ್ ಮೇಲೆ. ಆಗ ಬಾರ್ ಸಡಿಲಾಗುತ್ತದೆ, ಕಡ್ಡಿಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರೆ ಪ್ಲೇ ತಾನಾಗಿ ಹೊರಬರುತ್ತದೆ.

ಇನ್ನೂ ಅನುಮಾನ ಉಳಿದರೆ ಮೆಕ್ಯಾನಿಕ್ ಕೈಯಲ್ಲಿ ಎರಡೂ ಲಿಂಕ್ ರಾಡ್ ಬಿಚ್ಚಿಸಿ, ಬಾರ್‌ನ ತುದಿ ಎಲ್ಲಿಗೂ ತಾಕದಂತೆ ಕಟ್ಟಿಸಿ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬರಬಹುದು. ಸದ್ದು ಹೋದರೆ ಮೂಲ ಸಿಕ್ಕಿತು. ಲಿಂಕ್ ಬಿಚ್ಚಿರುವಾಗ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ವೇಗ ಬೇಡ. ಆದರೆ ಮಾರುತಿ 800 ಮತ್ತು ಅದೇ ವಿನ್ಯಾಸದ ಹಳೆಯ ಕಾರುಗಳಲ್ಲಿ ಈ ಪರೀಕ್ಷೆ ಮಾಡಲೇಬಾರದು. ಅವುಗಳಲ್ಲಿ ಬೇರೆ ಲಿಂಕ್ ರಾಡ್ ಇಲ್ಲ, ಬಾರ್‌ನ ತುದಿಯೇ ಲೋವರ್ ಆರ್ಮ್ ಒಳಗೆ ತೂರಿ ಅದನ್ನು ಹಿಂದೆ–ಮುಂದೆ ಸರಿಯದಂತೆ ಹಿಡಿದಿರುತ್ತದೆ. ಅದನ್ನು ಬಿಚ್ಚಿದರೆ ಚಕ್ರವೇ ಜಾಗದಲ್ಲಿ ನಿಲ್ಲುವುದಿಲ್ಲ.

ಎಲ್ಲವನ್ನೂ ಜೋಡಿಸಿ ನೋಡೋಣ

ಒಂದು ಹಳೆಯ ಹ್ಯಾಚ್‌ಬ್ಯಾಕ್ ಬಂದಿದೆ ಎಂದುಕೊಳ್ಳಿ. ಎಡ ಮುಂದಿನಿಂದ ‘ಕಟಕ್’. ಡಿಕ್ಕಿ ಖಾಲಿ ಮಾಡಿ, ನಟ್ಟು ಬಿಗಿ ಮಾಡಿದರೂ ಸದ್ದು ಉಳಿದಿದೆ. ತಾಳ ಇಲ್ಲ, ಆದ್ದರಿಂದ ಸುತ್ತುವ ಭಾಗಗಳನ್ನು ಬಿಟ್ಟೆವು. ಬ್ರೇಕ್ ಮೇಲೆ ಪಾದ ಇಟ್ಟರೂ ನಿಲ್ಲಲಿಲ್ಲ, ಪ್ಯಾಡ್ ಬಿಟ್ಟೆವು. ಹಂಪನ್ನು ಓರೆ ದಾಟಿದರೂ ನೇರ ದಾಟಿದರೂ ಒಂದೇ ಸದ್ದು, ಲಿಂಕ್ ರಾಡ್ ಪಟ್ಟಿಯ ಕೊನೆಗೆ ಹೋಯಿತು. ಸದ್ದು ಹತ್ತುವಾಗ ಇಲ್ಲ, ಇಳಿದು ಚಕ್ರ ಜೋತುಬೀಳುವಾಗ ಬರುತ್ತಿದೆ. ಬಾನೆಟ್ ತೆಗೆದು ಸ್ಟ್ರಟ್ ತಲೆಯ ಮೇಲೆ ಬೆರಳಿಟ್ಟು ಮೂಲೆ ಒತ್ತಿ ಬಿಡಿಸಿದೆವು. ಮೇಲೆ ಬರುವಾಗ ಬೆರಳಿಗೆ ಏಟು ತಾಕಿತು, ಬಲಗಡೆ ತಾಕಲಿಲ್ಲ. ಎಡ ಸ್ಟ್ರಟ್ ಮೌಂಟ್ ಎಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ನಾವು ಇನ್ನೂ ಒಂದು ಬೋಲ್ಟ್ ಕೂಡ ಬಿಚ್ಚಿಲ್ಲ. ಪ್ರತಿ ಹೆಜ್ಜೆಯಲ್ಲಿ ಒಂದೇ ಕೀಲಿನ ಮೇಲಿನ ಒತ್ತಡ ಬದಲಿಸಿ, ಅದರ ಉತ್ತರ ಕೇಳಿಸಿಕೊಂಡೆವು, ಅಷ್ಟೇ.

ಯಾವುದಕ್ಕೆ ಕಾರು ನಿಲ್ಲಿಸಬೇಕು?

ಎಲ್ಲ ಸದ್ದೂ ಒಂದೇ ತೂಕದ್ದಲ್ಲ. ಸವೆದ ಲಿಂಕ್ ರಾಡ್ ಕಿರಿಕಿರಿ ಮಾಡುತ್ತದೆ, ಕೆಲವು ದಿನ ಎಚ್ಚರಿಕೆಯಿಂದ ಓಡಿಸಬಹುದು. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ತುದಿಯಲ್ಲಿ ಪ್ಲೇ ಕಂಡರೆ, ಸ್ಪ್ರಿಂಗ್ ಮುರಿದಿದ್ದರೆ, ಚಕ್ರದ ನಟ್ಟು ಸಡಿಲವಾಗಿದ್ದರೆ ಕಾರು ಅಲ್ಲೇ ನಿಲ್ಲಬೇಕು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಟೈ ರಾಡ್ ಕಳಚಿದರೆ ಆ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿಯುವ ಕಾರಿನಲ್ಲಿ ಇದು ಆಗಬಾರದ ಸಂಗತಿ.

ಬದಲಿಸುವಾಗ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್‌ಗಳನ್ನು ಎಡ–ಬಲ ಜೋಡಿಯಾಗಿ ಬದಲಿಸಿ. ಲಿಂಕ್ ರಾಡ್ ಕೂಡ ಜೋಡಿಯಾಗಿ ಹಾಕುವುದು ಒಳ್ಳೆಯದು, ಎರಡೂ ಒಂದೇ ರಸ್ತೆ ಕಂಡಿವೆ. ಲೋವರ್ ಆರ್ಮ್ ಬುಷ್‌ನ ಬೋಲ್ಟುಗಳ ಕೊನೆಯ ಬಿಗಿತ ಕಾರು ತನ್ನ ಭಾರದಲ್ಲಿ ನೆಲದ ಮೇಲೆ ಕೂತಾಗಲೇ ಆಗಬೇಕು. ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಹೊಸ ಬುಷ್ ಬೇಗನೆ ಹರಿಯುತ್ತದೆ. ಟೈ ರಾಡ್, ಲೋವರ್ ಆರ್ಮ್, ಸ್ಟ್ರಟ್ ಮುಟ್ಟಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಇಷ್ಟೆಲ್ಲ ನೀವೇ ಮಾಡಬೇಕೆಂದಿಲ್ಲ. ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ: ಸದ್ದು ಯಾವಾಗ ಬರುತ್ತದೆ, ಯಾವ ಬದಿಯಿಂದ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ. ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದನ್ನು ಕೇಳಿಸಿ. ಯಾವುದೇ ಭಾಗ ಬದಲಿಸಲು ಒಪ್ಪುವ ಮೊದಲು ಅದರ ಪ್ಲೇಯನ್ನು ತೋರಿಸಲು ಹೇಳಿ, ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಪಡುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ.